ಹಿತ್ತಲ ಬಾಗಿಲು ತೆರೆದರೆ ಏನಿದೆ?

ಓದುಗರ ಪ್ರಶ್ನೆ, ಟೀಚರ್ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ: ಕಥೆಗೊಂದು ಊರು, ಒಂದು ಕಾಲ ಯಾಕೆ ಬೇಕು? ನನಗೆ ಬಹಳ ಪ್ರೀತಿಯ ವಿಷಯ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ.

ಕುಂದಾಪುರದ ಓದುಗರೊಬ್ಬರು: ನನ್ನ ಕಥೆ ಓದಿದ ಗೆಳತಿ ‘ಎಲ್ಲ ಸರಿ, ಆದರೆ ಇದು ಎಲ್ಲಿ ನಡೆಯುತ್ತದೆ ಅಂತ ಗೊತ್ತಾಗುವುದಿಲ್ಲ’ ಎಂದಳು. ಮನುಷ್ಯರ ಮನಸ್ಸು ಎಲ್ಲ ಕಡೆ ಒಂದೇ ಅಲ್ಲವೇ ಟೀಚರ್? ಮಳೆ, ಮರ, ಮನೆ ಎಂದು ವರ್ಣಿಸುತ್ತ ಕೂತರೆ ಕಥೆ ಓಡುವುದಿಲ್ಲ. ಕಥೆಯನ್ನೂ ಜೊತೆಗಿಟ್ಟಿದ್ದೇನೆ, ನೋಡಿ ಹೇಳಿ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಅತ್ತೆ ಸೊಸೆಯ ಮಾತುಕತೆ ಚೆನ್ನಾಗಿ ಬಂದಿದೆ. ಅನ್ನ ಬಡಿಸುವಾಗ ಸೌಟನ್ನು ಪಾತ್ರೆಯ ಅಂಚಿಗೆ ಬಡಿಯುವ ಅತ್ತೆ ನನಗೆ ಕಣ್ಣಿಗೆ ಕಟ್ಟಿದರು. ಆದರೆ ಮೂರನೆಯ ಪುಟದಲ್ಲಿ ‘ಆ ರಾತ್ರಿ ಅವಳು ಮನೆ ಬಿಟ್ಟು ಹೊರಟಳು’ ಎಂದು ಬರೆದಿದ್ದೀರಿ. ಮುಂದಿನ ವಾಕ್ಯದಲ್ಲಿ ಬೆಳಗಾಗಿದೆ, ಅವಳು ತವರಿನ ಜಗಲಿಯಲ್ಲಿ ಕೂತಿದ್ದಾಳೆ. ಆ ಎರಡು ವಾಕ್ಯಗಳ ನಡುವೆ ನಿಮ್ಮ ಕಥೆಯ ಅತ್ಯಂತ ಮುಖ್ಯವಾದ ಭಾಗ ಬಿದ್ದುಹೋಗಿದೆ.

ಅರುವತ್ತರ ದಶಕದ ಕಥೆ, ಆಟಿ ತಿಂಗಳು, ಅಂದರೆ ನಡು ಮಳೆಗಾಲ ಎಂದು ನೀವೇ ಪತ್ರದಲ್ಲಿ ಹೇಳಿದ್ದೀರಿ. ಹಾಗಾದರೆ ಅವಳ ಜೊತೆ ಒಮ್ಮೆ ಹೊರಟು ನೋಡಿ. ಹೆಂಚಿನ ಮನೆ. ಚಾವಡಿಯಲ್ಲಿ ಮಾವ ಮಲಗಿದ್ದಾರೆ, ಮುಂಬಾಗಿಲಿನ ದಾರಿ ಅವಳಿಗಿಲ್ಲ. ಹಿತ್ತಲ ಬಾಗಿಲೇ ಗತಿ. ಅದರ ಅಗುಳಿ ಮರದ್ದು, ಆಟಿಯ ಹೊತ್ತಿಗೆ ನೀರು ಕುಡಿದು ಉಬ್ಬಿರುತ್ತದೆ, ಎಳೆದರೆ ಕಿರ್ರೆನ್ನುತ್ತದೆ. ಆ ಸದ್ದು ಮುಚ್ಚಿಹೋಗಬೇಕಾದರೆ ಜೋರು ಮಳೆ ಹೊಡೆಯುವವರೆಗೆ ಕತ್ತಲಲ್ಲಿ ಕಾಯಬೇಕು. ಜೋರು ಮಳೆಯಲ್ಲಿ ಹೊರಬಿದ್ದರೆ ಅಂಗಳ ಹಾವಸೆ ಕಟ್ಟಿ ಜಾರುತ್ತದೆ. ನಡೆಯಲಿಕ್ಕೆಂದು ಹಾಸಿದ ಅಡಿಕೆ ಮರದ ದಬ್ಬೆ ಇದೆ, ಆದರೆ ಅದು ಬಾವಿಕಟ್ಟೆಗೂ ಕೊಟ್ಟಿಗೆಗೂ ಮಾತ್ರ ಹೋಗುತ್ತದೆ. ಮನೆಯ ಹೆಂಗಸರು ರಾತ್ರಿ ಹೊತ್ತು ಅದಕ್ಕಿಂತ ದೂರ ಹೋಗುವುದು ಉಂಟು ಎಂದು ಆ ಅಂಗಳಕ್ಕೆ ಗೊತ್ತೇ ಇಲ್ಲ. ದಬ್ಬೆ ಮುಗಿದಲ್ಲಿ ಗದ್ದೆಯ ಹುಣಿ, ಆಮೇಲೆ ನೀರು ಹರಿಯುವ ತೋಡು, ತೋಡು ದಾಟಲು ತೆಂಗಿನ ಮರದ ಸಂಕ. ಒಣ ತೆಂಗಿನ ಗರಿಯ ಪಂಜು, ತೂಟೆ, ಹಚ್ಚಿಕೊಂಡರೆ ಸಂಕ ಕಾಣುತ್ತದೆ, ಆದರೆ ಬೈಲಿನ ಆಚೆ ಮನೆಯವರಿಗೆ ಅವಳೂ ಕಾಣುತ್ತಾಳೆ. ಹಚ್ಚದಿದ್ದರೆ ಕಾಲು ಎಲ್ಲಿಡಬೇಕೆಂದು ತಿಳಿಯದು. ಮಳೆ ಬಿಡಲಿ, ತೂಟೆ ಹಚ್ಚುತ್ತೇನೆ ಎಂದರೆ ಅಗುಳಿಯ ಸದ್ದು ಕೇಳುತ್ತದೆ.

ನಾನು ಮಳೆಯನ್ನು ವರ್ಣಿಸಲಿಲ್ಲ, ನೋಡಿ. ಅವಳಿಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದಷ್ಟೇ ಕೇಳಿಕೊಂಡೆ. ಮನುಷ್ಯರ ಮನಸ್ಸು ಎಲ್ಲ ಕಡೆ ಒಂದೇ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಗಂಡನ ಮನೆ ಸಾಕಾದ ಹೆಣ್ಣಿನ ಸಂಕಟ ಧಾರವಾಡದಲ್ಲೂ ಅದೇ, ಬಸರೂರಿನಲ್ಲೂ ಅದೇ. ಆದರೆ ಬಸರೂರಿನವಳು ಆಟಿಯಲ್ಲಿ ಹೊರಡಬೇಕಾದರೆ ಎಷ್ಟು ಗಟ್ಟಿ ಮನಸ್ಸು ಬೇಕು ಎಂಬುದನ್ನು ತಿಳಿಸುವುದು ಆ ಅಗುಳಿ, ಆ ಸಂಕ. ನೀವು ‘ಅವಳು ದಿಟ್ಟೆ’ ಎಂದು ಎಲ್ಲೂ ಬರೆಯಬೇಕಾಗಿಲ್ಲ. ತೂಟೆಯನ್ನು ಕೈಗೆ ತೆಗೆದುಕೊಂಡು, ಒಂದು ಗಳಿಗೆ ನಿಂತು, ಹಚ್ಚದೆ ಬಾವಿಕಟ್ಟೆಯ ಮೇಲೆ ಇಟ್ಟು ಹೋದಳು ಎಂದು ಬರೆದರೆ ಸಾಕು. ಬೆಳಿಗ್ಗೆ ನೀರು ಸೇದಲು ಬಂದ ಅತ್ತೆಗೆ ಅದು ಸಿಗಲಿ.

ನನ್ನ ಮನೆಯದೇ ಒಂದು ವಿಷಯ ಹೇಳುತ್ತೇನೆ. ಸುವರ್ಣಾ ನದಿ ಕಡಲು ಸೇರುವ ಮೊದಲು ತನ್ನೊಳಗೆ ಕೆಲವು ಕುದ್ರುಗಳನ್ನು, ಅಂದರೆ ನಡುಗಡ್ಡೆಗಳನ್ನು, ಇಟ್ಟುಕೊಂಡಿದೆ. ಅಂಥ ಒಂದು ಕುದ್ರುವಿನಲ್ಲಿ ನಾನು ಹುಟ್ಟಿದ್ದು. ಅಲ್ಲಿ ಆಗ ಐದನೆಯ ತರಗತಿಯವರೆಗೆ ಮಾತ್ರ ಶಾಲೆ. ಆರಕ್ಕೆ ಹೋಗಬೇಕಾದರೆ ಕಡವಿಗೆ ಬಂದು ದೋಣಿ ಹತ್ತಬೇಕು. ಅಕ್ಕ ಎರಡು ವರ್ಷ ಹಾಗೆ ಹೋದಳು. ಪುಸ್ತಕಗಳನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು, ಮಳೆಗೆಂದು ತಲೆಗೆ ಗೊರಬು ಹಾಕಿಕೊಂಡು ದೋಣಿಯ ನಡುವೆ ಕೂರುತ್ತಿದ್ದಳು. ಒಂದು ಆಷಾಢದಲ್ಲಿ ನೆರೆಯ ಸೆಳೆತಕ್ಕೆ ದೋಣಿ ದಡ ಸಿಗದೆ ಅಳಿವೆಯ ಕಡೆಗೆ ಬಹಳ ದೂರ ಹೋಯಿತು. ಅಂಬಿಗ ಬಿದಿರ ಗಳು ಊರಿ ಹೇಗೋ ಒಂದು ಕಾಂಡ್ಲಾ ಗಿಡಗಳ ಹಿಂಡಿಗೆ ದೋಣಿ ತಾಗಿಸಿದ. ಯಾರಿಗೂ ಏನೂ ಆಗಲಿಲ್ಲ. ಸಂಜೆ ಅಪ್ಪ ‘ಇನ್ನು ಸಾಕು’ ಎಂದರು. ಅಕ್ಕನ ಓದು ಏಳನೆಯ ತರಗತಿಗೆ, ಆ ಹೊಳೆಯ ನೀರಿನಲ್ಲಿ ನಿಂತಿತು. ನನ್ನನ್ನು ಮುಂದೆ ಉಡುಪಿಯ ಚಿಕ್ಕಮ್ಮನ ಮನೆಯಲ್ಲಿಟ್ಟು ಓದಿಸಿದರು, ಹಾಗಾಗಿ ಈ ಅಂಕಣ ಬರೆಯುತ್ತಿದ್ದೇನೆ. ಅಕ್ಕನ ಕಥೆಯನ್ನು ಯಾರಾದರೂ ಹೊಳೆ ಬಿಟ್ಟು ಬರೆದರೆ ಅದು ಬೇರೆ ಯಾರದೋ ಕಥೆಯಾದೀತು.

ದೊಡ್ಡ ಲೇಖಕರು ಇದನ್ನು ಹೇಗೆ ಮಾಡಿದ್ದಾರೆ ನೋಡಬೇಕಾದರೆ ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಮತ್ತೊಮ್ಮೆ ತೆಗೆದು ಮೊದಲ ಕೆಲವು ಪುಟಗಳನ್ನು ಓದಿ. 1943ರ ಕಾದಂಬರಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಕತ್ತಲಾಗುವ ಹೊತ್ತಿಗೆ ಪ್ರಯಾಣಿಕನೊಬ್ಬ ದಾರಿ ತಪ್ಪುತ್ತಾನೆ. ಕಾಡಿನಲ್ಲಿ ಎದುರಾದ ಇಬ್ಬರು ಅವನನ್ನು ಗೋಪಾಲಯ್ಯನ ಮನೆಗೆ ತಲುಪಿಸುತ್ತಾರೆ. ಕಾದಂಬರಿಯೆಲ್ಲ ನಿಂತಿರುವುದು ಈ ಒಂದು ಸಂಜೆಯ ಮೇಲೆ. ಆ ಕಾಡಿನಲ್ಲಿ, ಆ ಹೊತ್ತಿನಲ್ಲಿ ಅಪರಿಚಿತನನ್ನು ‘ನೀನು ಯಾರು, ಯಾಕೆ ಬಂದೆ’ ಎಂದು ಬಾಗಿಲಲ್ಲಿ ನಿಲ್ಲಿಸುವ ಹಾಗಿಲ್ಲ. ನೆರೆಮನೆ ಎಂಬುದೇ ಇಲ್ಲದ ಕಡೆ ಬದುಕಿದ ಗೋಪಾಲಯ್ಯ, ಶಂಕರಮ್ಮ ದಂಪತಿಗೆ ಮನೆಗೆ ಬಂದ ಮನುಷ್ಯ ಎಂದರೆ ಹಬ್ಬ. ಅವರ ಮಗ ಮನೆ ಬಿಟ್ಟು ಹೋಗಿದ್ದಾನೆ, ಅವನಿಗೆ ಎತ್ತಿಟ್ಟಿದ್ದ ಅಕ್ಕರೆಯೆಲ್ಲ ಬಂದವನ ಎಲೆಗೆ ಬೀಳುತ್ತದೆ. ಇದೇ ಮುದುಕರನ್ನು ಪುತ್ತೂರಿನ ಪೇಟೆಯ ನಡುವೆ ಕೂರಿಸಿದ್ದರೆ ಬಂದ ಅತಿಥಿ ಊಟ ಮುಗಿಸಿ ರಾತ್ರಿಯ ಬಸ್ಸು ಹಿಡಿಯುತ್ತಿದ್ದ. ಕಾರಂತರು ಬೆಟ್ಟವನ್ನು ವರ್ಣಿಸುವ ಪುಟಗಳೂ ಇವೆ, ಅವೂ ಚೆಂದ. ಆದರೆ ಕಥೆಯನ್ನು ಹಿಡಿದಿರುವುದು ‘ಈ ಹೊತ್ತಿನಲ್ಲಿ ಇಲ್ಲಿಂದ ಹೊರಡಲು ಆಗುವುದಿಲ್ಲ’ ಎಂಬ ಸಂಗತಿ.

ಮನೆಯ ಒಳಗೂ ಊರು ಇರುತ್ತದೆ, ಅದನ್ನು ಮರೆಯಬೇಡಿ. ನಮ್ಮ ಕಡೆಯ ಹಳೆ ಮನೆಗಳಲ್ಲಿ ಅಂಗಳ, ಜಗಲಿ, ಚಾವಡಿ, ಒಳಕೋಣೆ, ಅಡುಗೆಮನೆ, ಹಿತ್ತಲು ಎಂದು ಒಂದು ಸಾಲು. ಯಾರು ಅಂಗಳದಲ್ಲೇ ನಿಂತು ಮಾತಾಡಬೇಕು, ಯಾರಿಗೆ ಜಗಲಿಯವರೆಗೆ ಬರಬಹುದು, ಯಾರಿಗೆ ಚಾವಡಿಯಲ್ಲಿ ಚಾಪೆ ಹಾಸುತ್ತಾರೆ ಎನ್ನುವುದರಲ್ಲಿ ಆ ಕಾಲದ ಜಾತಿ, ಒಕ್ಕಲುತನ, ಸಾಲ ಎಲ್ಲ ಇತ್ತು. ಒಕ್ಕಲಿನ ಮನುಷ್ಯ ಗೇಣಿ ತಂದಾಗ ಎಲ್ಲಿ ನಿಂತಿದ್ದ ಎಂದು ಬರೆದರೆ ಒಂದು ಪುಟದ ವಿವರಣೆ ಉಳಿಯುತ್ತದೆ. ಉಳುವವನಿಗೇ ಭೂಮಿ ಕೊಟ್ಟ 1974ರ ಭೂಸುಧಾರಣೆಯ ನಂತರ ಅದೇ ಮನುಷ್ಯ ಅದೇ ಮನೆಗೆ ಬಂದು ಜಗಲಿಯ ಮೆಟ್ಟಿಲ ಹತ್ತಿರ ಒಂದು ಕ್ಷಣ ತಡೆದ, ಆಮೇಲೆ ಹತ್ತಿದ ಎಂದು ಬರೆದರೆ ಅದೇ ಒಂದು ಕಥೆ.

ನಿಮ್ಮ ಕಥೆಯನ್ನು ತಿದ್ದಿ ಮತ್ತೆ ಕಳಿಸಿ. ಅಗುಳಿಯಿಂದ ಶುರು ಮಾಡಿ.

ಮಂಗಳೂರಿನ ಬಿಜೈಯಿಂದ ಒಬ್ಬ ಕಾಲೇಜು ವಿದ್ಯಾರ್ಥಿ: ನಾನು ಹುಟ್ಟಿ ಬೆಳೆದದ್ದು ಫ್ಲ್ಯಾಟಿನಲ್ಲಿ. ಕರಾವಳಿಯ ಕಥೆ ಎಂದರೆ ಕೋಲ, ಕಂಬಳ, ಗದ್ದೆ, ಮೀನುಗಾರರು ಇರಲೇಬೇಕು ಎನ್ನುತ್ತಾರೆ. ನನಗೆ ಅದೊಂದೂ ಹತ್ತಿರದಿಂದ ಗೊತ್ತಿಲ್ಲ. ಹಾಗಾದರೆ ನನಗೆ ಬರೆಯಲು ಊರೇ ಇಲ್ಲವೇ?

ಇದೆ ಮಗಾ, ಧಾರಾಳವಾಗಿ ಇದೆ. ನೋಡಿ ಗೊತ್ತಿಲ್ಲದ ಕೋಲವನ್ನು ಕಥೆಯಲ್ಲಿ ದಯವಿಟ್ಟು ಕಟ್ಟಬೇಡ. ದೈವದ ಎದುರು ಕೈಮುಗಿದು ನಿಂತವರ ಭಯ, ಭರವಸೆ ಏನೆಂದು ತಿಳಿಯದೆ ಬರೀ ಮುಖವರ್ಣಿಕೆಯ ಬಣ್ಣ, ದೀವಟಿಗೆಯ ಬೆಳಕು ಬರೆದರೆ ಅದು ಕ್ಯಾಲೆಂಡರಿನ ಚಿತ್ರವಾಗುತ್ತದೆ. ನನ್ನ ಬಳಿಗೆ ಬರುವ ಕಥೆಗಳಲ್ಲಿ ಇಂಥವು ಈಗ ಬಹಳ. ಮಂಗಳೂರಿನ ಕಡಲಿನಲ್ಲಿ ಸೂರ್ಯ ಮೇಲೇಳುವ ಕಥೆಯೊಂದು ಬಂದಿತ್ತು. ನಮ್ಮ ಕಡಲು ಪಡುವಣದಲ್ಲಿದೆ, ಸೂರ್ಯ ಇಲ್ಲಿ ನೀರಿಗೆ ಇಳಿಯುತ್ತಾನೆಯೇ ಹೊರತು ನೀರಿನಿಂದ ಏಳುವುದಿಲ್ಲ. ಇನ್ನೊಂದರಲ್ಲಿ ಜುಲೈ ತಿಂಗಳಲ್ಲಿ ಟ್ರಾಲ್ ಬೋಟುಗಳು ಬಂದರಿನಿಂದ ಸಾಲಾಗಿ ಹೊರಟಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಈಗ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಬೋಟಿನ ಮನೆಗಳಲ್ಲಿ ಆ ಎರಡು ತಿಂಗಳು ಕೈಯಲ್ಲಿ ದುಡ್ಡು ಇರುವುದಿಲ್ಲ, ಗಂಡಸರು ಇಡೀ ದಿನ ಮನೆಯಲ್ಲೇ ಇರುತ್ತಾರೆ. ಹುಡುಕಿದ್ದರೆ ಆ ಲೇಖಕರಿಗೆ ಒಳ್ಳೆಯ ಕಥೆ ಅಲ್ಲೇ ಸಿಗುತ್ತಿತ್ತು.

ಈಗ ನಿನ್ನ ಫ್ಲ್ಯಾಟಿಗೆ ಬಾ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕಟ್ಟಡಕ್ಕೆ ನೀರು ಎಲ್ಲಿಂದ ಬರುತ್ತದೆ? ನಗರದ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನದು. 2019ರ ಬೇಸಗೆಯಲ್ಲಿ ಅಲ್ಲಿ ನೀರು ತಗ್ಗಿ ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟಿದ್ದರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಮೇ ತಿಂಗಳು ಬಕೆಟ್ ಹಿಡಿದು ಲಿಫ್ಟಿಗೆ ಕಾಯುವ ಮನುಷ್ಯ ನಿನ್ನ ಪಾತ್ರವಲ್ಲವೇ? ಟ್ಯಾಂಕರ್ ಬಂದಾಗ ಯಾರು ಮೊದಲು ಕೆಳಗಿಳಿಯುತ್ತಾರೆ, ಯಾರು ತಮ್ಮ ಮನೆಯ ಕೆಲಸದಾಕೆಯನ್ನು ಕಳಿಸುತ್ತಾರೆ, ಯಾರು ವಾಚ್‌ಮನ್‌ಗೆ ಇನ್ನೂರು ರೂಪಾಯಿ ಕೊಟ್ಟು ಸುಮ್ಮನೆ ಮೇಲೆ ಕೂರುತ್ತಾರೆ? ಜೂನ್ ಬಂದರೆ ಬಾಲ್ಕನಿಯಲ್ಲಿ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹಾಲ್‌ನಲ್ಲಿ ಹಗ್ಗ ಕಟ್ಟಿ, ಫ್ಯಾನ್ ತಿರುಗಿಸಿ, ಮನೆಗೆ ಬಂದ ನೆಂಟರು ಒದ್ದೆ ಟವೆಲ್‌ನ ಅಡಿಯಲ್ಲಿ ಬಗ್ಗಿ ಒಳಗೆ ಬರುತ್ತಾರೆ. ಹೆಣ್ಣು ನೋಡಲು ಬಂದವರಾದರೆ?

ಇನ್ನೂ ಒಂದು ಕೇಳುತ್ತೇನೆ. ನಿಮ್ಮ ಕಟ್ಟಡ ನಿಂತ ಜಾಗದಲ್ಲಿ ಮೊದಲು ಏನಿತ್ತು? ಬಿಜೈ, ಕದ್ರಿ ಕಡೆ ಹೆಂಚಿನ ಮನೆ, ಅದರ ಸುತ್ತ ಮಾವು ಹಲಸು, ಒಂದು ಬಾವಿ ಇದ್ದ ಹಿತ್ತಲುಗಳಲ್ಲೇ ಈಗ ಮಹಡಿಗಳು ಎದ್ದಿರುವುದು. ಬಾವಿಯನ್ನು ಮುಚ್ಚಿದರೋ, ಪಾರ್ಕಿಂಗ್‌ನ ಮೂಲೆಯಲ್ಲಿ ಕಬ್ಬಿಣದ ಜಾಲರಿ ಹಾಕಿ ಉಳಿಸಿದರೋ, ವಾಚ್‌ಮನ್ ಹತ್ತಿರ ಕೇಳು. ಜಾಗ ಕೊಟ್ಟವರ ಮನೆಯ ಹಿರಿಯರು ಅದೇ ಕಟ್ಟಡದ ಒಂದು ಫ್ಲ್ಯಾಟಿನಲ್ಲಿ ಇದ್ದಾರೆ ಎಂದು ಎಣಿಸು. ಅವರ ಹೆಂಡತಿ ಹೆರಿಗೆಯಾದ ಕೋಣೆ ಇದ್ದ ಜಾಗದ ಮೇಲೆ ಈಗ ಬೇರೆಯವರ ಕಾರು ನಿಲ್ಲುತ್ತದೆ, ದಿನವೂ ಬೆಳಿಗ್ಗೆ ಆ ಕಾರನ್ನು ದಾಟಿ ಪೇಪರ್ ತರಲು ಹೋಗುತ್ತಾರೆ.

ನಗರದ ಆಫೀಸು, ಬಾಡಿಗೆ ಮನೆ, ಲಿಫ್ಟು ಇಟ್ಟುಕೊಂಡು ಕನ್ನಡದಲ್ಲಿ ದೊಡ್ಡ ಕಾದಂಬರಿ ಬರೆಯಬಹುದೇ ಎಂದು ನಿನಗೆ ಅನುಮಾನವಿದ್ದರೆ ಯಶವಂತ ಚಿತ್ತಾಲರ ‘ಶಿಕಾರಿ’ ಓದು. 1979ರದು, ಮುಂಬಯಿಯದು. ಉತ್ತರ ಕನ್ನಡದ ಹನೇಹಳ್ಳಿಯವರೂ ಅವರೇ, ಆ ಹಳ್ಳಿಯ ಕಥೆಗಳನ್ನು ಬರೆದವರೂ ಅವರೇ.

ಬಂಟ್ವಾಳದ ಓದುಗರು: ನನ್ನ ಪಾತ್ರಗಳೆಲ್ಲ ತುಳು ಮಾತಾಡುವವರು. ಕಥೆ ಕನ್ನಡದಲ್ಲಿ. ಮಾತುಗಳನ್ನು ತುಳುವಿನಲ್ಲೇ ಬರೆದರೆ ಮೈಸೂರಿನವರಿಗೆ ಅರ್ಥವಾಗುವುದಿಲ್ಲ, ಪುಸ್ತಕದ ಕನ್ನಡದಲ್ಲಿ ಬರೆದರೆ ನನ್ನ ಊರು ಮಾಯವಾಗುತ್ತದೆ. ಏನು ಮಾಡಲಿ?

ಇದು ನಮ್ಮ ಜಿಲ್ಲೆಯ ಲೇಖಕರಿಗೆ ಹಳೆಯ ಕಷ್ಟ. ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂತು. ಚೋಮ ಬದುಕುವ ಕಡೆ ಅವನಂಥವರ ಮನೆಮಾತು ತುಳು, ಕಾದಂಬರಿಯಲ್ಲಿ ಆತ ಕನ್ನಡ ಮಾತಾಡುತ್ತಾನೆ. ಆದರೂ ಅವನು ಬೇರೆ ಯಾವ ಊರಿನವನೂ ಅನ್ನಿಸುವುದಿಲ್ಲ. ಯಾಕೆಂದರೆ ಊರು ಅವನ ಬದುಕಿನ ದಾರಿಯಲ್ಲೇ ಇದೆ: ಸಾಲ ತೀರಬೇಕಾದರೆ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋಗಬೇಕು, ಘಟ್ಟದಿಂದ ಜ್ವರ ಹೊತ್ತುಕೊಂಡು ಇಳಿಯಬೇಕು. ಕೆಳಗಿನ ಬೈಲು, ಮೇಲಿನ ತೋಟ, ನಡುವಿನ ದಾರಿ. ಆ ದಾರಿಯನ್ನು ಬೇರೆ ಸೀಮೆಗೆ ಸಾಗಿಸಲು ಆಗುವುದಿಲ್ಲ.

ಮಾತಿನ ವಿಷಯಕ್ಕೆ ಬಂದರೆ, ಶಬ್ದಗಳನ್ನು ಉದುರಿಸುವುದಕ್ಕಿಂತ ಸಂಬಂಧದ ಕರೆಗಳನ್ನು ಹಾಗೇ ಇಡಿ ಎನ್ನುತ್ತೇನೆ. ‘ಮಾವ’ ಎಂಬ ಒಂದೇ ಪದ ತೆಗೆದುಕೊಳ್ಳಿ. ಬೇರೆ ಕಡೆಯ ಓದುಗರಿಗೆ ಅದು ಹೆಂಡತಿಯ ಅಪ್ಪನೋ ಗಂಡನ ಅಪ್ಪನೋ ಆಗಿ ಕೇಳಿಸೀತು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನದ ಮನೆಯಲ್ಲಿ ಮಾವ ಎಂದರೆ ತಾಯಿಯ ಅಣ್ಣ, ಮನೆಯ ಯಜಮಾನ, ಜಮೀನಿನ ಲೆಕ್ಕ ಅವನ ಕೈಯಲ್ಲಿ. ಅಪ್ಪ ಆ ಮನೆಗೆ ಬಂದುಹೋಗುವವನು. ಹುಡುಗ ‘ಮಾವನ ಹತ್ತಿರ ಕೇಳಬೇಕು’ ಎಂದು ಹೇಳಿ ಅಪ್ಪನ ಮುಖ ನೋಡದೆ ತಲೆ ತಗ್ಗಿಸಿದ ಎಂದು ಬರೆಯಿರಿ, ಅರ್ಥವನ್ನು ಕೆಳಗೆ ಕೊಡಬೇಡಿ. ಮೈಸೂರಿನವರು ಮುಂದಿನ ಪುಟದಲ್ಲಿ ತಾವೇ ತಿಳಿದುಕೊಳ್ಳುತ್ತಾರೆ. ಓದುಗರನ್ನು ನಂಬಿ. ಇನ್ನು ‘ಉಂಟು’, ‘ಎಂತ’, ‘ಮಾರಾಯ್ರೆ’ ಇವೆಲ್ಲ ಮಂಗಳೂರಿನ ಕನ್ನಡವೇ, ಬೇಕಾದಲ್ಲಿ ಸಂಕೋಚವಿಲ್ಲದೆ ಬಳಸಿ. ಪ್ರತಿ ಸಾಲಿಗೆ ಒಂದು ‘ಮಾರಾಯ್ರೆ’ ಮಾತ್ರ ಬೇಡ, ಸಿನಿಮಾದ ಮಂಗಳೂರಿನವರ ಹಾಗಾಗುತ್ತದೆ.

ಪೂರ್ತಿ ಆಡುನುಡಿಯಲ್ಲಿ ಕಥೆ ಹೇಳುವ ದಾರಿಯೂ ಇದೆ. ವೈದೇಹಿಯವರ ಕಥೆಗಳಲ್ಲಿ ಕುಂದಾಪುರದ ಕನ್ನಡ ಹೇಗೆ ಹೆಂಗಸರ ಅಡುಗೆಮನೆಯ ಸದ್ದನ್ನೇ ತರುತ್ತದೆ ಎಂದು ಗಟ್ಟಿಯಾಗಿ ಓದಿ ನೋಡಿ. ಅವರಿಗೆ ಆಡುನುಡಿ ಕನ್ನಡದ್ದೇ ಆಗಿತ್ತು, ನಿಮಗೆ ಆ ಅನುಕೂಲ ಇಲ್ಲ, ಅಷ್ಟೇ.

ಕಾರ್ಕಳದ ಓದುಗರು: 1950, 60ರ ಸುಮಾರಿನ, ಅಜ್ಜಿಯ ಕಾಲದ ಕಥೆ ಬರೆಯಬೇಕೆಂದಿದ್ದೇನೆ. ಆ ಕಾಲವನ್ನು ತಪ್ಪಿಲ್ಲದೆ ಕಟ್ಟಲು ಏನು ಓದಬೇಕು?

ಮೊದಲು ದೊಡ್ಡ ಸಂಗತಿಗಳನ್ನು ಸರಿಮಾಡಿಕೊಳ್ಳಿ. 1950ರಲ್ಲಿ ನಿಮ್ಮ ಕಾರ್ಕಳ ಮದ್ರಾಸ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿತು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಅಲ್ಲಿಯವರೆಗೆ ಎಲ್ಲ ದಕ್ಷಿಣ ಕನ್ನಡವೇ. 1957ರ ಏಪ್ರಿಲ್‌ಗೆ ನಯಾಪೈಸೆ ಬರುವವರೆಗೆ ರೂಪಾಯಿಗೆ 16 ಆಣೆ, ಬಂದ ಮೇಲೂ ಜನ ಬಹಳ ಕಾಲ ಆಣೆಯಲ್ಲೇ ಮಾತಾಡಿದರು. ನಿಮ್ಮ ಅಜ್ಜಿಯನ್ನು ಉಡುಪಿಯಲ್ಲಿ ರೈಲು ಹತ್ತಿಸಬೇಡಿ, ಕೊಂಕಣ ರೈಲು ಬರುವವರೆಗೆ ಉಡುಪಿಗೆ ರೈಲೇ ಇರಲಿಲ್ಲ. ಆಕೆ ಬೊಂಬಾಯಿಗೆ ಹೋಗಬೇಕಾದರೆ ಹೇಗೆ ಹೋದರು ಎಂದು ಮನೆಯ ಹಿರಿಯರನ್ನು ಕೇಳಿ, ಆ ಪ್ರಯಾಣವೇ ನಿಮಗೆ ಎರಡು ಅಧ್ಯಾಯ ಕೊಟ್ಟೀತು.

ಪುಸ್ತಕಗಳಿಗಿಂತ ಮನೆಯ ಪೆಟ್ಟಿಗೆ ಹುಡುಕಿ. ಮದುವೆಯ ಖರ್ಚಿನ ಪಟ್ಟಿ, ಗೇಣಿ ಚೀಟಿ, ಹಳೆಯ ಲೆಕ್ಕದ ಪುಸ್ತಕ. ಅಕ್ಕಿ ಎಷ್ಟು ಮುಡಿ, ಬೆಲ್ಲ ಎಷ್ಟು, ಅಗಸರಿಗೆ ಏನು ಕೊಟ್ಟರು, ಸೂಲಗಿತ್ತಿಗೆ ಏನು ಕೊಟ್ಟರು, ಎಲ್ಲ ಅಲ್ಲಿರುತ್ತದೆ. ಬರೆದವರು ಓದುಗರಿಗೆಂದು ಬರೆದದ್ದಲ್ಲ, ಹಾಗಾಗಿ ಅದರಲ್ಲಿ ಸುಳ್ಳು ಇರುವುದು ಕಡಿಮೆ.

ಕಳೆದ ವರ್ಷ ಕುದ್ರುವಿನ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪನ ಲೆಕ್ಕದ ಪುಸ್ತಕವೊಂದು ನನಗೆ ಸಿಕ್ಕಿತು. ಉದ್ದದ, ಕೆಂಪು ಬಟ್ಟೆಯ ರಟ್ಟಿನದು, ಅಂಚನ್ನು ಗೆದ್ದಲು ತಿಂದಿತ್ತು. ಕಡವಿನ ಅಂಬಿಗನಿಗೆ ನಮ್ಮಲ್ಲಿ ದುಡ್ಡು ಕೊಡುವ ಪದ್ಧತಿ ಇರಲಿಲ್ಲ, ಕೊಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ ಭತ್ತ ಅಳೆಯುತ್ತಿದ್ದರು. 1959ರ ಪುಟದಲ್ಲಿ ಅಪ್ಪನ ಓರೆ ಅಕ್ಷರದಲ್ಲಿ ಹೀಗಿದೆ: ‘ಅಂಬಿಗನಿಗೆ, ಮಕ್ಕಳಿಬ್ಬರ ಶಾಲೆ ಬಾಬ್ತು, ಭತ್ತ 2 ಕಳಸೆ.’ ಇಬ್ಬರು ಎಂದರೆ ಅಕ್ಕ, ಅವಳಿಗಿಂತ ಒಂದು ವರ್ಷಕ್ಕೆ ಚಿಕ್ಕವನಾದ ಅಣ್ಣ. ಒಂದೇ ದೋಣಿ. ಅಳಿವೆಯ ಕಡೆಗೆ ಹೋದ ದಿನವೂ ಇಬ್ಬರೂ ಅದರಲ್ಲಿದ್ದರು, ಅಷ್ಟು ವರ್ಷ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮುಂದಿನ ವರ್ಷದ ಪುಟ ತಿರುಗಿಸಿದೆ. ‘ಅಂಬಿಗನಿಗೆ, ಹುಡುಗನ ಶಾಲೆ ಬಾಬ್ತು, ಭತ್ತ 1 ಕಳಸೆ.’